ಲೋಕಕ್ಕೇ ನಾನೂರನೆಯವನು

ರೆಮಿಯ ಎರಡು ತೋಳುಗಳು ಒಬ್ಬನೇ ಮನುಷ್ಯನವು ಎಂದು ನಂಬುವುದು ಕಷ್ಟವಿತ್ತು. ಎಡತೋಳು ಗರಡಿಯಲ್ಲಿ ಪಳಗಿದವನದು, ಬಲತೋಳು ಬ್ಯಾಂಕಿನ ಗುಮಾಸ್ತನದು. ಅವನು ಬನಿಯನ್ ಹಾಕಿಕೊಂಡು, ನಮ್ಮ ಊಟದ ಮೇಜಿನ ಮೇಲೆ ತನ್ನ ಪುಟ್ಟ ಯಂತ್ರ ಇಟ್ಟು, ಟೆನಿಸ್ ರಾಕೆಟ್ಟಿಗೆ ತಂತಿ ಬಿಗಿಯುತ್ತ ಕೂತಿರುವಾಗ ನಾನು ಚಹಾ ಕೊಡುವ ನೆಪದಲ್ಲಿ ಹೋಗಿ ಎರಡನ್ನೂ ಹೋಲಿಸಿ ನೋಡಿ ಬರುತ್ತಿದ್ದೆ.

ಅವನು ಫ್ರಾನ್ಸಿನ ಎಡಗೈ ಟೆನಿಸ್ ಆಟಗಾರ. ಟಿವಿಯಲ್ಲಿ ಕಾಣುವವರ ಪೈಕಿ ಅಲ್ಲ. ಕೋಚ್ ಇಲ್ಲದೆ, ಮ್ಯಾನೇಜರ್ ಇಲ್ಲದೆ, ಒಬ್ಬನೇ ಚೀಲ ಹೊತ್ತು ದೇಶದಿಂದ ದೇಶಕ್ಕೆ ಹೋಗಿ, ನಾಲ್ಕು ಜನ ನೋಡುವ ಕೋರ್ಟಿನಲ್ಲಿ ಆಡಿ, ಸೋತರೆ ಮರುದಿನವೇ ಇನ್ನೊಂದು ಊರಿಗೆ ಹೊರಡುವವರ ಪೈಕಿ. ನನ್ನವರು ಸುಧಾಕರ ಇಲ್ಲಿ ದೋಹಾದಲ್ಲಿ ಟೆನಿಸ್ ಟೂರ್ನಿಗಳಿಗೆ ಬರುವವರ ಗಾಡಿ ವ್ಯವಸ್ಥೆ ನೋಡಿಕೊಳ್ಳುತ್ತಾರೆ. ಇಂಥ ಆಟಗಾರರನ್ನು ಹೋಟೆಲಿನ ಬದಲು ಊರವರ ಮನೆಯಲ್ಲಿ ಉಳಿಸಿಕೊಳ್ಳುವ ಪದ್ಧತಿ ಉಂಟಂತೆ. ಒಂದು ಚಳಿಗಾಲ ಅವರು ನನ್ನನ್ನು ಒಂದು ಮಾತೂ ಕೇಳದೆ ಮದೀನತ್ ಖಲೀಫಾದ ನಮ್ಮ ಮನೆಯ ಸಣ್ಣ ಕೋಣೆಗೆ ಇವನನ್ನು ಕರೆದುಕೊಂಡು ಬಂದರು. ನಾನು ಸಿಟ್ಟಿನಲ್ಲೇ ಹಾಸಿಗೆ ಹಾಸಿದೆ. ಆಮೇಲೆ ಪ್ರತಿ ಚಳಿಗಾಲವೂ ಅವನು ನಮ್ಮಲ್ಲೇ ಇಳಿದ.

ಆ ಮೊದಲ ಚಳಿಗಾಲ ಕಾರ್ಕಳದಿಂದ ನನ್ನ ಅತ್ತೆ ವಿಸಿಟ್ ವೀಸಾದಲ್ಲಿ ಬಂದಿದ್ದರು. ಅವರಿಗೆ ತುಳು, ಕನ್ನಡ ಬಿಟ್ಟರೆ ಬೇರೆ ಭಾಷೆ ಬಾರದು, ಬೇಕು ಅಂತ ಅನ್ನಿಸಿದ್ದೂ ಇಲ್ಲ. ಮೊದಲ ದಿನ ಕುಚ್ಚಲಕ್ಕಿ ಅನ್ನಕ್ಕೆ ಅಂಜಲ್ ಮೀನಿನ ಗಸಿ ಬಡಿಸಿದಾಗ ರೆಮಿ ನಮ್ಮನ್ನು ನೋಡಿ ಚಮಚ ಬದಿಗಿಟ್ಟು ಎಡಗೈ ಹಾಕಿದ. ಅತ್ತೆ ಆ ಮಣಿಕಟ್ಟನ್ನು ಹಿಡಿದೇ ಬಿಟ್ಟರು.

"ಎಡಗೈಯಲ್ಲಿ ಉಣ್ಣಬಾರದು ಮಗಾ. ಅನ್ನಕ್ಕೆ ಬೇಜಾರಾಗ್ತದೆ."

ನಾನು ನಾಚಿಕೆಯಿಂದ ಅದನ್ನು ಇಂಗ್ಲಿಷಿಗೆ ತಿರುಗಿಸಿದೆ. ಅವನು ಗಂಭೀರವಾಗಿ ತಲೆಯಾಡಿಸಿ ಬಲಗೈಯಲ್ಲಿ ಉಂಡ. ಅರ್ಧ ಬಾಯಿಗೆ ಹೋಯಿತು, ಅರ್ಧ ಮಡಿಲಿಗೆ. ಈ ಕೈ ಇಷ್ಟು ವರ್ಷ ಬಿಟ್ಟಿ ಸಂಬಳ ತಿಂದಿದೆ, ಇನ್ನಾದರೂ ದುಡಿಯಲಿ ಎಂದ. ಅವನ ಮಾತೇ ಹಾಗೆ. ಮೊದಲ ಸುತ್ತಿನಲ್ಲೇ ಸೋತು ಮಧ್ಯಾಹ್ನಕ್ಕೇ ಮನೆಗೆ ಬಂದ ದಿನ, "ಸೋತವನಿಗೆ ಬಿಸಿನೀರು ಮೊದಲು ಸಿಗ್ತದೆ" ಎನ್ನುತ್ತ ಒದ್ದೆ ಅಂಗಿಗಳನ್ನು ತಾನೇ ಒಗೆದು ಬಾಲ್ಕನಿಯಲ್ಲಿ ಒಣಹಾಕುತ್ತಿದ್ದ. ನಮ್ಮ ಮನೆಯ ಗಂಡಸರಿಗೆ ಆ ವಿದ್ಯೆ ಇವತ್ತಿಗೂ ಬಂದಿಲ್ಲ.

ಒಂದು ಸಂಜೆ ಅತ್ತೆ, ಇವನು ಆಟದಲ್ಲಿ ಎಷ್ಟನೆಯವನು ಕೇಳು ಎಂದರು. ನಾನು ಕೇಳಿದೆ. ಅವನು ತಲೆ ತಗ್ಗಿಸಿ, ನಾನೂರ ಚಿಲ್ಲರೆ ಎಂದ. ಆ ಪ್ರಶ್ನೆಗೆ ಉತ್ತರ ಕೊಟ್ಟ ಮೇಲೆ ಎದುರಿನವರು ಮಾತು ಬದಲಿಸುವುದು ಅವನಿಗೆ ಅಭ್ಯಾಸವಾಗಿತ್ತು. ಅತ್ತೆ ಬದಲಿಸಲಿಲ್ಲ.

"ನಮ್ಮ ಪಕ್ಕದ ಮನೆಯ ರಕ್ಷಿತಾಳಿಗೆ ಸಿಇಟಿಯಲ್ಲಿ ನಾನೂರನೇ ರ‍್ಯಾಂಕ್ ಬಂದದ್ದಕ್ಕೆ ಬಸ್‌ಸ್ಟ್ಯಾಂಡಿನಲ್ಲಿ ಫ್ಲೆಕ್ಸ್ ಹಾಕಿದ್ರು. ಅದು ಬರೀ ಕರ್ನಾಟಕಕ್ಕೆ. ಇವನದ್ದು ಲೋಕಕ್ಕೇ ಅಲ್ವಾ? ಇವನ ಊರಲ್ಲಿ ಫ್ಲೆಕ್ಸ್ ಹಾಕಿದ್ದಾರಾ ಕೇಳು."

ಸಿಇಟಿ ಎಂದರೇನು, ಫ್ಲೆಕ್ಸ್ ಎಂದರೇನು, ರ‍್ಯಾಂಕ್ ಬಂದವರ ಫೋಟೋಕ್ಕೆ ಊರವರು ಯಾಕೆ ಅಭಿನಂದನೆ ಬರೆಸುತ್ತಾರೆ ಎಂದು ವಿವರಿಸುವಷ್ಟರಲ್ಲಿ ನನಗೆ ಸಾಕಾಯಿತು. ರೆಮಿ ಕೇಳಿ ಕೇಳಿ ನಕ್ಕ. ಆಮೇಲೆ, ಇಲ್ಲ, ಯಾರೂ ಹಾಕಿಲ್ಲ ಎಂದ. ಊರಿಗೆ ಹೋದರೆ ಅಪ್ಪನ ಸ್ನೇಹಿತರು, ಇನ್ನೂ ಆಡ್ತಾ ಇದ್ದೀಯಾ ಎಂದು ಕೇಳುತ್ತಾರಂತೆ, ಅಷ್ಟೆ. ಫ್ರಾನ್ಸಿನವರಿಗೆ ಬುದ್ಧಿ ಇಲ್ಲ ಎಂದು ಅತ್ತೆ ತೀರ್ಮಾನ ಕೊಟ್ಟರು.

ಅವನಿಗೆ ಇದ್ದದ್ದು ಒಂದೇ ಆಸೆ. ಪ್ಯಾರಿಸ್ಸಿನ ದೊಡ್ಡ ಟೂರ್ನಿಯಲ್ಲಿ, ಕೊನೇ ಪಕ್ಷ ಅರ್ಹತಾ ಸುತ್ತಿನಲ್ಲಾದರೂ, ತನ್ನ ರ‍್ಯಾಂಕಿನ ಬಲದಿಂದಲೇ ಒಮ್ಮೆ ಆಡಬೇಕು. ಅವನ ಊರಿನಿಂದ ಅಲ್ಲಿಗೆ ರೈಲಿನಲ್ಲಿ ಒಂದು ಸಣ್ಣ ನಿದ್ದೆಯ ದಾರಿ. ಆದರೆ ಟಿಕೆಟ್ ಕೊಂಡು ಒಳಗೆ ಹೋದದ್ದಲ್ಲದೆ ಆಟಗಾರರ ಬಾಗಿಲಿನಿಂದ ಎಂದೂ ಹೋಗಿರಲಿಲ್ಲ. ಕಳೆದ ಚಳಿಗಾಲ ಬಂದಾಗ ರ‍್ಯಾಂಕು ಇನ್ನೂರೈವತ್ತರ ಹತ್ತಿರ ಬಂದಿತ್ತು, ಭುಜ ಮಾತ್ರ ಕೆಟ್ಟಿತ್ತು. ಈ ಸಲ ಇಲ್ಲಿ ಫೈನಲ್ ತಲುಪಿದರೆ ಪ್ಯಾರಿಸ್ಸಿಗೆ ಹೆಸರು ಸೇರುತ್ತದೆ, ಇಲ್ಲದಿದ್ದರೆ ಆಟ ನಿಲ್ಲಿಸಿ ಊರಿನ ಕ್ಲಬ್ಬಿನಲ್ಲಿ ಮಕ್ಕಳಿಗೆ ಕಲಿಸುವ ಕೆಲಸ ಒಪ್ಪಿಕೊಳ್ಳುತ್ತೇನೆ ಎಂದು ಮೊದಲ ದಿನವೇ ಹೇಳಿದ. ಅವನು ಒಂದೊಂದೇ ಸುತ್ತು ಗೆದ್ದು ಸೆಮಿಫೈನಲಿಗೆ ಬಂದಾಗ ನನಗೆ ಅಡುಗೆಯಲ್ಲಿ ಉಪ್ಪು ಹಾಕಿದ್ದೇನೋ ಇಲ್ಲವೋ ನೆನಪಿರುತ್ತಿರಲಿಲ್ಲ.

ಸೆಮಿಫೈನಲ್ ಬಿದ್ದದ್ದು ಶುಕ್ರವಾರ. ರಜೆ. ಅಲ್ ಮನ್ಸೂರಾದಲ್ಲಿ ಪ್ರಿಂಟಿಂಗ್ ಅಂಗಡಿ ಇಟ್ಟಿರುವ ನಮ್ಮ ಬ್ಯಾರಿ ಗೆಳೆಯ ಅಶ್ರಫ್ ಒಂದು ವ್ಯಾನ್ ತುಂಬ ಊರವರನ್ನು ಕರೆತಂದ. ಜೊತೆಗೆ ಒಂದು ಫ್ಲೆಕ್ಸ್. ಆ ವರ್ಷವೂ ಬಂದಿದ್ದ ಅತ್ತೆಯದೇ ಆರ್ಡರ್. "ಹಾರ್ದಿಕ ಅಭಿನಂದನೆಗಳು" ಎಂದು ಮೇಲೆ, "ಗೆಳೆಯರ ಬಳಗ, ಅಲ್ ಮನ್ಸೂರಾ" ಎಂದು ಕೆಳಗೆ, ನಡುವೆ ನಮ್ಮ ಸೋಫಾದಲ್ಲಿ ಕೂತ ರೆಮಿ. ಆ ಫೋಟೋದಲ್ಲಿ ಪಕ್ಕದಲ್ಲಿದ್ದ ಅತ್ತೆಯನ್ನು ಕತ್ತರಿಸಿದ್ದರೂ ಬಳೆ ತೊಟ್ಟ ಅವರ ಕೈ ಅವನ ಹೆಗಲ ಮೇಲೆ ಹಾಗೆಯೇ ಉಳಿದಿತ್ತು.

ಫ್ಲೆಕ್ಸನ್ನು ಬೇಲಿಗೆ ಕಟ್ಟಿದೆವು. ನಮ್ಮವರಿಗೆ ಗೊತ್ತಿದ್ದದ್ದು ಕಬಡ್ಡಿ ನೋಡುವ ಕ್ರಮ. ರೆಮಿ ಪಾಯಿಂಟ್ ಗೆದ್ದರೆ ಶಿಳ್ಳೆ, ಎದುರಾಳಿ ಹುಡುಗನ ಸರ್ವ್ ತಪ್ಪಿದರೆ ಅದಕ್ಕಿಂತ ಜೋರು ಶಿಳ್ಳೆ. ಎದುರಿನವನ ತಪ್ಪಿಗೆ ಚಪ್ಪಾಳೆ ತಟ್ಟುವುದು ಈ ಆಟದಲ್ಲಿ ಮರ್ಯಾದೆಯಲ್ಲ ಎಂದು ಯಾರಿಗೆ ಗೊತ್ತು? ಅಂಪೈರ್ ಮೈಕಿನಲ್ಲಿ ಸುಮ್ಮನಿರಿ ಎಂದ. ಮತ್ತೆ ಮತ್ತೆ ಎಂದ. ಗಾಳಿಗೆ ಫ್ಲೆಕ್ಸ್ ಪಟಪಟ ಬಡಿದುಕೊಂಡಾಗ ಹುಡುಗ ದೂರು ಕೊಟ್ಟ, ಅಧಿಕಾರಿಯೊಬ್ಬ ಬಂದು ಬಿಚ್ಚಿಸಿದ.

"ನಾವು ಆಟ ನೋಡ್ಲಿಕ್ಕೆ ಬಂದದ್ದಾ, ಸಾವಿನ ಮನೆಗೆ ಬಂದದ್ದಾ?" ಎಂದರು ಅತ್ತೆ. ಅವರ ಪಿಸುಮಾತು ಎರಡು ಕೋರ್ಟಿನಾಚೆಗೂ ಕೇಳುವಂಥದ್ದು.

ಮೂರನೇ ಸೆಟ್ಟಿನಲ್ಲಿ ರೆಮಿ ಸೋತ. ಹುಡುಗನ ಕಾಲು ಹೊಸದು, ಇವನ ಭುಜ ಹಳತು. ಅಂಪೈರನ ಕೈ ಕುಲುಕಿ ಅವನು ನೇರ ನಮ್ಮ ಕಡೆಗೆ ಬಂದ, ವ್ಯಾನಿನಲ್ಲಿ ಬಂದ ಒಬ್ಬೊಬ್ಬರ ಕೈಯನ್ನೂ ಹಿಡಿದ. "ಖಲಾಸ್" ಎಂದ, ನಗುತ್ತಲೇ. ಆಮೇಲೆ ಅಶ್ರಫನ ಹತ್ತಿರ ಫ್ಲೆಕ್ಸನ್ನು ಕೇಳಿ ಇಸಿದುಕೊಂಡು, ಸುರುಳಿ ಸುತ್ತಿ ರಾಕೆಟ್ಟುಗಳ ಚೀಲಕ್ಕೆ ತುರುಕಿದ. ನಾನು ಅಳು ತಡೆಯಲಾರದೆ ಬೇರೆ ಕಡೆ ತಿರುಗಿದೆ.

ಈಗ ಅವನು ತನ್ನೂರಿನಲ್ಲಿ ಮಕ್ಕಳಿಗೆ ಆಟ ಕಲಿಸುತ್ತಾನೆ. ಸುಖವಾಗಿದ್ದಾನೆ, ಸ್ವಲ್ಪ ದಪ್ಪವಾಗಿದ್ದಾನೆ. ಈ ಚಳಿಗಾಲ ನಮ್ಮ ಬಾಲ್ಕನಿಯಲ್ಲಿ ನಮ್ಮದೇ ಬಟ್ಟೆಗಳು.

ಅವನನ್ನು ಕೊನೆಯದಾಗಿ ಕಂಡದ್ದು ಆ ಶನಿವಾರ, ಏರ್‌ಪೋರ್ಟಿಗೆ ಬಿಡಲು ಹೋದಾಗ. ನನ್ನವರು ಹಿಂದಿನ ದಿನದಿಂದ ಮಂಕಾಗಿದ್ದರು. ನಮ್ಮ ಗಲಾಟೆಯಿಂದಲೇ ಅವನ ಏಕಾಗ್ರತೆ ಕೆಟ್ಟಿತು, ಪ್ಯಾರಿಸ್ ತಪ್ಪಿತು ಎಂಬ ಕೊರಗು. ಗಾಡಿ ಓಡಿಸುತ್ತಲೇ ಕ್ಷಮೆ ಕೇಳಿದರು.

ರೆಮಿ ತನ್ನ ನಿಧಾನದ ಇಂಗ್ಲಿಷಿನಲ್ಲಿ ಹೇಳಿದ: "ಸುಧಾಕರ್, ನಾನು ಆಡಲು ಶುರು ಮಾಡಿದಾಗಿನಿಂದ ನಿನ್ನೆಯವರೆಗೆ ನನ್ನ ಕೋರ್ಟಿನಲ್ಲಿ ಯಾವ ಅಂಪೈರೂ ಸುಮ್ಮನಿರಿ ಎಂದು ಯಾರಿಗೂ ಹೇಳಿದ್ದಿಲ್ಲ. ಹೇಳುವುದಕ್ಕೆ ಅಲ್ಲಿ ಜನವೇ ಇರಲಿಲ್ಲ."

ನನ್ನವರು ಡಿಪಾರ್ಚರಿಗೆ ತಿರುಗುವ ದಾರಿಯನ್ನು ಬಿಟ್ಟು ಸೀದಾ ಮುಂದೆ ಹೋದರು. ಇಡೀ ಒಂದು ಸುತ್ತು ಹಾಕಿ ವಾಪಸು ಬರಬೇಕಾಯಿತು. ದಾರಿ ತಪ್ಪಿತು ಎಂದು ನಾನೂ ಹೇಳಲಿಲ್ಲ, ಅವನೂ ಹೇಳಲಿಲ್ಲ. ಅಷ್ಟು ಹೊತ್ತು ಅವನು ಇನ್ನೂ ನಮ್ಮ ಜೊತೆಗಿದ್ದ.