ನಕ್ಕ ಮೇಲೆ ಕಣ್ಣು

ಖಾಸಿಂ ಮಾಸ್ತರರು ಬರೆದ ಚಿತ್ರಗಳಿಗೆ ಮೊದಲು ಕಣ್ಣೇ ಇರುತ್ತಿರಲಿಲ್ಲ. ಹಳೆಯ ಕ್ಯಾಲೆಂಡರಿನ ಬೆನ್ನಿಗೆ ಕರಿಮಸಿಯಲ್ಲಿ ಮೂಗು, ಮೀಸೆ, ಹೊಟ್ಟೆ ಎಲ್ಲ ಬರೆದು, ಕೆಳಗೆ ನಾಲ್ಕು ಸಾಲಿನ ತಮಾಷೆ ಪದ್ಯ ಕಟ್ಟಿ, ಚೌಡಾಪುರದ ನಮ್ಮ ಚಹಾದಂಗಡಿಯ ಗೋಡೆಗೆ ಅಂಟಿಸುತ್ತಿದ್ದರು. ಚಿತ್ರದ ಆಸಾಮಿ ಬಂದು, ಓದಿ, ನಕ್ಕ ಮೇಲೆಯೇ ಕಣ್ಣು.

"ನಕ್ಕಿಲ್ಲಂದ್ರ ಅವರಿಗೆ ತಮ್ಮ ಮಾರಿ ಇನ್ನೂ ಕಂಡಿಲ್ಲ ಅಂತ ಅರ್ಥ. ಕಾಣದವರಿಗೆ ಕಣ್ಣು ಯಾಕ್ರಿ?" ಎನ್ನುತ್ತಿದ್ದರು.

ಡ್ರಾಯಿಂಗ್ ಮಾಸ್ತರಿಕೆಯಿಂದ ನಿವೃತ್ತರಾದ ಮೇಲೂ ಅವರ ತುಂಟತನ ನಿವೃತ್ತವಾಗಿರಲಿಲ್ಲ. ಒಮ್ಮೆ ನಮ್ಮವ್ವನನ್ನೇ ಬರೆದರು. ಹಾರಿಹೋಗುವ ರೊಟ್ಟಿಯ ಹಿಂದೆ ಅವ್ವ ಸೆರಗು ಕಟ್ಟಿ ಓಡುತ್ತಿದ್ದಳು. ವಾರವಿಡೀ ಮುಖ ಗಂಟಿಕ್ಕಿಕೊಂಡಿದ್ದ ಅವ್ವ ಕೊನೆಗೆ ಬಾಯಿಗೆ ಸೆರಗು ಹಿಡಿದು ನಕ್ಕಳು. ಮಾಸ್ತರರು ಅಲ್ಲೇ ಮಸಿಯ ದೌತಿ ತೆರೆದು ಕಣ್ಣು ಕೊಟ್ಟರು.

ಆಮೇಲೆ ಉಸುಕಿನ ಸಾವಕಾರರನ್ನು ಬರೆದರು. ಭೀಮಾ ಹೊಳೆಯನ್ನು ಬಗೆದು ಟಿಪ್ಪರುಗಟ್ಟಲೆ ಉಸುಕು ಸಾಗಿಸುವ ಮನುಷ್ಯ.

"ಮೀನೊಂದು ಕೇಳಿತ್ರಿ ಸಾವಕಾರ್ರ ಹೊಟ್ಟಿ ನೋಡಿ:
ನಮ್ಮನಿ ಉಸುಕು ಎಲ್ರಿ, ಹೇಳ್ರಿ ದಯಾ ಮಾಡಿ.
ತೇಗಿ ಅಂದ್ರು ಸಾವಕಾರ್ರು: ಒಳಗ ಅದ, ಬಾರಾ,
ಹಳ್ಳಾನೂ ನಂದ, ಹೊಳೀನೂ ನಂದ, ನೀನೂ ನಂದ ಪೂರಾ."

ಓದಿದವರು ನಗುವ ಮೊದಲು ರಸ್ತೆಯ ಕಡೆ ನೋಡುತ್ತಿದ್ದರು. ಅಂಗಡಿಯೆದುರು ದಿನಾ ಸಂಜೆ ಒಂದು ಟಿಪ್ಪರು ಬಂದು, ಇಂಜಿನ್ ಆರಿಸದೆ ನಿಲ್ಲತೊಡಗಿತು. ಒಂದು ದಿನ ಸಾವಕಾರರೇ ಬಂದು ಪದ್ಯ ಓದಿದರು. ನಗಲಿಲ್ಲ.

"ಕಣ್ಣ ಯಾಕ ಬರದಿಲ್ರಿ ಮಾಸ್ತರ?"

"ನೀವು ನಗಬೇಕ್ರಿ. ಆಮ್ಯಾಲ."

ಸಾವಕಾರರು ಚಹಾ ಮುಗಿಸಿ ಎದ್ದರು. "ದಿನಾ ಹೊಳಿದಂಡಿಗೆ ತಿರುಗಾಡಾಕ ಹೋಗ್ತೀರಂತಲ್ಲ. ಆ ದಾರಿ ಛಲೋ ಇಲ್ಲ ನೋಡ್ರಿ," ಎಂದರು, ಬಹಳ ಮರ್ಯಾದೆಯಿಂದ.

"ಕಾಕಾ, ಆ ಚಿತ್ರ ಗ್ವಾಡಿಯಿಂದ ಇಳಸೂಣ್ರಿ," ಎಂದು ಅವತ್ತೇ ಮಾಸ್ತರರನ್ನು ಬೇಡಿಕೊಂಡೆ.

"ಹೆದರಬ್ಯಾಡ ಬೇ. ಎಂಥಾ ಮನುಷ್ಯಾನೂ ಒಂದಿನ ತನ್ನ ಮಾರಿ ನೋಡಿ ನಗ್ತಾನ," ಎಂದರು. "ಅವ ಯಾವಾಗ ಬರ್ತಾನೋ, ಇವು ಇಲ್ಲೇ ಇರಲಿ." ಎಂದೂ ಕೈಬಿಡದ ದೌತಿ, ಲೇಖನಿಗಳನ್ನು ಗಲ್ಲಾಪೆಟ್ಟಿಗೆಯ ಪಕ್ಕ ಇಟ್ಟು, ಹೊಳೆಯ ಕಡೆ ನಡೆದರು.

ಮರುದಿನ ದಂಡೆಯಲ್ಲಿ ಅವರ ಚಪ್ಪಲಿ ಸಿಕ್ಕವು. ಅವರು ಇವತ್ತಿಗೂ ಸಿಕ್ಕಿಲ್ಲ. ಉಸುಕು ಬಗೆದ ಗುಂಡಿಯಲ್ಲಿ ಕಾಲು ಜಾರಿರಬೇಕು ಎಂದು ಜನ ಮಾತಾಡಿಕೊಂಡರು, ಅದೂ ಮೆಲ್ಲಗೆ. ಚಿತ್ರ ಇಳಿಸಲು ಅಪ್ಪ ಎರಡು ಸಲ ಕುರ್ಚಿ ಹತ್ತಿದ, ನಾನು ಬಿಡಲಿಲ್ಲ.

ಮೊನ್ನೆ ಸಾವಕಾರರು ಮತ್ತೆ ಬಂದರು. ಗೋಡೆಯ ಮುಂದೆ ನಿಂತು ಪದ್ಯವನ್ನು ದೊಡ್ಡದಾಗಿ ಓದಿದರು. ಕೊನೆಯ ಸಾಲಿಗೆ ಬಂದಾಗ ಹೊಟ್ಟೆ ಹಿಡಿದುಕೊಂಡು ನಕ್ಕರು, ಕಣ್ಣಲ್ಲಿ ನೀರು ಬರುವಷ್ಟು. ಆಮೇಲೆ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದರು.

"ನಕ್ಕೇನಿ ನೋಡವ್ವ. ಈಗ ಕಣ್ಣ ಬರ್ಯಾಕ ಕರಿ ನಿಮ್ಮ ಮಾಸ್ತರನ್ನ."