ನೀಲಿ ಬೀದಿಯ ಕೆಂಪು ಚುಕ್ಕಿ
ಗಣತಿ ಕಚೇರಿಯಲ್ಲಿ ಚುಕ್ಕಿ ಮೇಡಂ ಅಂದರೆ ಮೇಜು ಕುರ್ಚಿಗಳೂ ನಡುಗುತ್ತವೆ. ಒಬ್ಬರಿಗೊಂದು ಚುಕ್ಕಿಯಂತೆ ಹತ್ತು ವರ್ಷಕ್ಕೊಮ್ಮೆ ಇಡೀ ನಗರವನ್ನು ನಕ್ಷೆಗಿಳಿಸಿ, ಯಾರು ಯಾರಿಂದ ಎಷ್ಟು ದೂರ ಸರಿದರೆಂದು ಅಳೆಯುವುದು ಆಕೆಯ ಕೆಲಸ. ಕೇಳಿದ ಕಡೆ ಬಾಡಿಗೆಮನೆ ಸಿಗುವವರಿಗೆ ನೀಲಿ ಚುಕ್ಕಿ. ಹೆಸರು ಹೇಳಿದೊಡನೆ ‘ಮನೆ ಖಾಲಿ ಇಲ್ಲ’ ಅನ್ನಿಸಿಕೊಳ್ಳುವವರಿಗೆ ಕೆಂಪು. ಬಸ್ಸು ಹತ್ತಿದರೂ ಯಾರ ಪಕ್ಕದ ಸೀಟು ಖಾಲಿ ಉಳಿಯಿತೆಂದು ಎಣಿಸುತ್ತಾಳೆ, ಮದುವೆಗೆ ಹೋದರೆ ಊಟದ ಸಾಲನ್ನೇ ಅಳೆಯುತ್ತಾಳೆ. ಮೇಜಿನ ಗಾಜಿನಡಿ ನಲವತ್ತು ವರ್ಷ ಹಳೆಯ ನಕ್ಷೆಯೊಂದಿದೆ. ಅದರ ಮೇಲೆ ಯಾರಾದರೂ ಲೋಟ ಇಟ್ಟರೆ ಅವರ ಗ್ರಹಚಾರ ಬಿಡಿಸುತ್ತಾಳೆ. ಈ ಸಲದ ನಕ್ಷೆ ಕಂಡು ನಿರ್ದೇಶಕರು ಹಿಗ್ಗಿ ಹೀರೇಕಾಯಿಯಾದರು. “ನೋಡಿ ಮೇಡಂ, ಶ್ರೀಮಂತರ ಬೀದೀಲೂ ಕೆಂಪು ಚುಕ್ಕಿ! ಜನ ಬೆರೀತಿದಾರೆ ಅಂತ ವರದೀಲಿ ಬರೀರಿ.” ಆಕೆ ಸಿಡಿದಳು: “ಏನ್ ಮಣ್ಣು ಬೆರೀತಿದಾರೆ ಸಾರ್? ನಮ್ಮ ಗಣತಿಯೋರು ಯಾರು ಎಲ್ಲಿ ಮಲಗ್ತಾರೋ ಆ ವಿಳಾಸದಲ್ಲೇ ಅವರ ಹೆಸರು ಬರ್ಕೊಂಡು ಬರ್ತಾರೆ. ಮೆಟ್ಟಿಲ ಕೆಳಗೆ ಮಲಗೋ ಕಾವಲುಗಾರ, ಅಡುಗೆಮನೆ ಮೂಲೇಲಿ ಚಾಪೆ ಹಾಸೋ ಕೆಲಸದವಳು, ಇವರೇ ನಿಮ್ಮ ಕೆಂಪು ಚುಕ್ಕಿಗಳು. ಪೊರಕೆ ಪಕ್ಕ ಮಲಗಿಸಿ ಅದನ್ನ ನೆರೆಹೊರೆ ಅಂತೀರಾ?” ನಿರ್ದೇಶಕರು ನಕ್ಕರು. “ಹೇಗೇ ಇರಲಿ, ಲೆಕ್ಕ ಲೆಕ್ಕವೇ ತಾನೇ?” ಆಕೆ ಗಾಜನ್ನು ಸರಿಸಿ, ಹಳೆಯ ನಕ್ಷೆಯಲ್ಲಿ ಅದೇ ಬೀದಿಯ ಒಂಟಿ ಕೆಂಪು ಚುಕ್ಕಿಯ ಮೇಲೆ ಬೆರಳಿಟ್ಟಳು. “ಇದು ನಮ್ಮಮ್ಮ ಸಾರ್. ಕೆಲಸಕ್ಕಿಟ್ಕೊಂಡ ಮನೆಯೋರು ಮಗೂನ ಕರ್ಕೊಂಡು ಬರಬೇಡ ಅಂದಿದ್ರು. ಅದಕ್ಕೇ ಅಲ್ಲಿ ಒಂದೇ ಚುಕ್ಕಿ.”