ಬೆಲ್ಲ ಮನೆಯದು, ನೀರು ಪಕ್ಕದ ಮನೆಯದು

"ತಡೀರಿ ಅಕ್ಕ, ನಮ್ಮ ಬಾವಿ ನೀರು ಬಾಯಿಗೆ ಹಾಕ್ಬೇಡಿ. ನಿಮಗೆ ಪಕ್ಕದ ಮನೆಯಿಂದ ತರ್ತೀನಿ" ಎಂದು ಬೆಲ್ಲದ ತಟ್ಟೆ ನನ್ನ ಮುಂದಿಟ್ಟು, ಮನೆಯಾಕೆ ಬಿಂದಿಗೆ ಎತ್ತಿಕೊಂಡು ಹೊರಟೇಬಿಟ್ಟಳು. ಅದೇ ಹೊತ್ತಿಗೆ ಜಗಲಿಯಲ್ಲಿ ಅವಳ ಗಂಡ ಅದೇ ಬಾವಿಯನ್ನು ನನ್ನ ಯಜಮಾನರಿಗೆ ಹೊಗಳುತ್ತಿದ್ದ.

ಐವತ್ತರ ದಶಕದ ಕೊನೆಯ ಮಾತು. ಶಿಕಾರಿಪುರದಿಂದ ಸೊರಬಕ್ಕೆ ಮನೆ ಕೊಳ್ಳಲು ಬಂದಿದ್ದೆವು. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಮೈಲುತುತ್ತ ಎಂಬ ನೀಲಿ ವಿಷದ ಔಷಧವನ್ನು ವರ್ಷಗಟ್ಟಲೆ ಆ ಮನೆಯ ಹಿತ್ತಿಲಲ್ಲೇ ಕಲಸಿ, ಪೀಪಾಯಿಗಳನ್ನು ಬಾವಿಕಟ್ಟೆಯಲ್ಲೇ ತೊಳೆಯುತ್ತಿದ್ದರಂತೆ. ಮಾರುವವನಿಗೆ ಅದೂ ಒಂದು ಸೌಭಾಗ್ಯ.

"ಹಿತ್ಲಲ್ಲಿ ಒಂದು ಹುಲ್ಲುಕಡ್ಡಿ ಹುಟ್ಟಲ್ಲ ನೋಡಿ, ಕಳೆ ಕೀಳೋ ಕೆಲಸವೇ ಇಲ್ಲ. ಬಾವೀಲಿ ಕಪ್ಪೆ ಸಹ ಇಲ್ಲ, ರಾತ್ರಿ ಒಳ್ಳೇ ನಿದ್ದೆ!"

ನೆಲದ ನೀಲಿ ಕಲೆಯೂ ಅವನ ಪ್ರಕಾರ ಕಣ್ಣಿಗೆ ತಂಪು. ನಮ್ಮ ಯಜಮಾನರು ತಲೆದೂಗಿ, ಮುಂಗಡ ಕೊಡಲು ಜೇಬಿಗೆ ಕೈ ಹಾಕಿಯೂ ಆಗಿತ್ತು. ಅಷ್ಟರಲ್ಲಿ ಆಕೆ ಬೇಲಿಯಾಚೆಯಿಂದ ತುಂಬಿದ ಬಿಂದಿಗೆ ಸೊಂಟದಲ್ಲಿಟ್ಟುಕೊಂಡು, ತನ್ನದೇ ಬಾವಿಯ ಪಕ್ಕದಲ್ಲಿ ಹಾದು ನಗುನಗುತ್ತಾ ಬಂದಳು. ಯಜಮಾನರ ಕೈ ಜೇಬಿನಿಂದ ಬರಿದಾಗಿಯೇ ಹೊರಬಂತು. ನಾನು ಬೆಲ್ಲ ತಿಂದು ಎರಡು ಲೋಟ ನೀರು ಕುಡಿದೆ. ನಿಜಕ್ಕೂ ಸಿಹಿ ನೀರು.

ಅಂದಿನಿಂದ ಯಾವ ಮನೆ ನೋಡಲು ಹೋದರೂ ಗೋಡೆ, ಮಾಡು ನೋಡುವ ಮೊದಲು ಕುಡಿಯಲು ನೀರು ಕೇಳುತ್ತೇನೆ. ಅದು ಎಲ್ಲಿಂದ ಬರುತ್ತದೆಂದು ಎದ್ದು ನಿಂತು ನೋಡುತ್ತೇನೆ. ಸೊರಬದ ಆ ಮನೆ ಮರುವರ್ಷ ಒಳ್ಳೆಯ ಬೆಲೆಗೇ ಹೋಯಿತಂತೆ. ಕೊಂಡವರು, ಪಾಪ, ಬಾಯಾರಿಕೆಯಿಲ್ಲದೆ ಬಂದವರಿರಬೇಕು.